ಫೋನು ‘43 ಪಾಸ್‌ವರ್ಡ್ ಸೋರಿವೆ’ ಎಂದಾಗ ಮೊದಲು ಏನು ಬದಲಿಸಬೇಕು, ಹೊಸದನ್ನು ಎಲ್ಲಿಡಬೇಕು?

ಪ್ರಶ್ನೆ: ಫೋನಿನ ಕ್ರೋಮ್‌ನಲ್ಲಿ ನನ್ನ 43 ಪಾಸ್‌ವರ್ಡ್‌ಗಳು ಸೋರಿಕೆಯಾಗಿವೆ ಎಂಬ ಎಚ್ಚರಿಕೆ ಬಂದಿದೆ. ಸೋರಿಕೆ ಹುಡುಕುವ ಒಂದು ತಾಣದಲ್ಲಿ ಇಮೇಲ್ ಹಾಕಿ ನೋಡಿದರೆ ಐದು ಕಡೆ ನನ್ನ ವಿಳಾಸ ಸಿಕ್ಕಿತು. ಅಲ್ಲೇ ಪಾಸ್‌ವರ್ಡ್ ಟೈಪ್ ಮಾಡಿಯೂ ನೋಡಬಹುದಂತೆ. ಅದು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಲ್ಲವೇ? ಪಾಸ್‌ವರ್ಡ್ ಮ್ಯಾನೇಜರ್ ಬಳಸಿ ಎನ್ನುತ್ತಾರೆ. ಎಲ್ಲವನ್ನೂ ಒಂದೇ ಕಡೆ ಇಟ್ಟು, ಅದೇ ಒಡೆದುಹೋದರೆ ಗತಿ ಏನು? ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: 43 ಎಂಬ ಸಂಖ್ಯೆಗೆ ಗಾಬರಿಯಾಗಬೇಡಿ. ಇಂಥ ಪಟ್ಟಿಗಳಲ್ಲಿ ಖಾತೆಗಳು ನಲವತ್ತಿದ್ದರೂ ಬೇರೆ ಬೇರೆ ಪಾಸ್‌ವರ್ಡ್‌ಗಳು ಮೂರೋ ನಾಲ್ಕೋ ಇರುವುದೇ ಹೆಚ್ಚು. ಒಂದು ಕಡೆ ಸೋರಿದ್ದು, ಅದನ್ನೇ ಹಾಕಿದ ಎಲ್ಲ ಖಾತೆಗಳ ಲೆಕ್ಕಕ್ಕೂ ಸೇರಿಕೊಂಡಿದೆ. ತೊಂದರೆಯ ಬೇರು ಇರುವುದೂ ಅಲ್ಲೇ. ಸೋರಿಕೆಯನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ, ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಹಾಕದೆ ಇರುವುದು ನಿಮ್ಮ ಕೈಯಲ್ಲಿದೆ.

2023ರಲ್ಲಿ ವಂಶವಾಹಿ ಪರೀಕ್ಷೆ ಮಾಡಿಕೊಡುವ 23ಆಂಡ್‌ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ ದಾಳಿಕೋರರು ನುಗ್ಗಿದರು. ಅದಕ್ಕಾಗಿ ಅವರು ಕಂಪನಿಯ ಸರ್ವರ್ ಒಡೆಯಬೇಕಾಗಿ ಬರಲಿಲ್ಲ. ಬೇರೆ ತಾಣಗಳಿಂದ ಹಿಂದೆಯೇ ಸೋರಿದ್ದ ಇಮೇಲ್-ಪಾಸ್‌ವರ್ಡ್ ಜೋಡಿಗಳನ್ನು ತಂದು ಇಲ್ಲಿ ಒಂದೊಂದಾಗಿ ಹಾಕಿ ನೋಡಿದರು, ಎಷ್ಟೋ ಜೋಡಿಗಳಿಗೆ ಬಾಗಿಲು ತೆರೆಯಿತು. ಆ ಖಾತೆಗಳಲ್ಲಿದ್ದ ಬಂಧುಗಳನ್ನು ಹುಡುಕುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಹೊರಬಿತ್ತು. ಕ್ರೆಡೆನ್ಶಿಯಲ್ ಸ್ಟಫಿಂಗ್ ಎನ್ನುವುದು ಇದಕ್ಕೇ. ಸಾಫ್ಟ್‌ವೇರ್ ಮಾಡುವ ಕೆಲಸ ಇದು, ಬೇಸರವಿಲ್ಲದೆ ಹಗಲು ರಾತ್ರಿ ನಡೆಯುತ್ತದೆ.

ಎಚ್ಚರಿಕೆಗಳೆಲ್ಲ ಒಂದೇ ಅಲ್ಲ

ನಿಮಗೆ ಬಂದಿರುವುದು ಎರಡು ಬೇರೆ ಬೇರೆ ಸುದ್ದಿಗಳು. ಎರಡಕ್ಕೂ ಒಂದೇ ಮದ್ದಲ್ಲ.

ಕ್ರೋಮ್ ಕೊಡುವುದು ಹೆಚ್ಚು ಗಂಭೀರವಾದದ್ದು. ಗೂಗಲ್‌ನ ಪಾಸ್‌ವರ್ಡ್ ಚೆಕಪ್ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಎರಡೂ ಜೋಡಿಯಾಗಿ ಸೋರಿಕೆಯಲ್ಲಿ ಸಿಕ್ಕಾಗ ಎಚ್ಚರಿಸುತ್ತದೆ. ಅಂದರೆ ನಿಮ್ಮ ಇಮೇಲ್, ಅದರ ಪಕ್ಕದಲ್ಲೇ ನೀವು ಈಗಲೂ ಬಳಸುತ್ತಿರುವ ಪಾಸ್‌ವರ್ಡ್ ಇರುವ ಸಾಲು ಯಾರ ಬಳಿಯೋ ಇದೆ. ಅದೇ ಚೆಕಪ್ ‘ಮರುಬಳಕೆಯಾದವು’, ‘ದುರ್ಬಲವಾದವು’ ಎಂಬ ಇನ್ನೆರಡು ಪಟ್ಟಿಗಳನ್ನೂ ಕೊಡುತ್ತದೆ. ಮೂರನ್ನೂ ಒಟ್ಟಿಗೆ ಓದಿ ಕಂಗಾಲಾಗುವ ಬದಲು ಮೊದಲ ಪಟ್ಟಿ ಮುಗಿಸಿ.

ಇಮೇಲ್ ಹಾಕಿ ನೋಡುವ ತಾಣ ಹೇಳುವುದು ಬೇರೆ ಮಾತು. ಇವುಗಳಲ್ಲಿ ನಂಬಬಹುದಾದದ್ದು ಹ್ಯಾವ್ ಐ ಬೀನ್ ಪೋನ್ಡ್. ಭದ್ರತಾ ತಜ್ಞ ಟ್ರಾಯ್ ಹಂಟ್ 2013ರ ಡಿಸೆಂಬರ್‌ನಲ್ಲಿ ಆರಂಭಿಸಿದ್ದು. ವಿಳಾಸ ಬರೆಯುವಾಗ ಕೊನೆಯ ಪದದಲ್ಲಿ ಪಿ ಆದಮೇಲೆ ಬರುವುದು ಡಬ್ಲ್ಯು ಅಕ್ಷರ, ಅಲ್ಲಿ ತಪ್ಪಿದರೆ ಬೇರೆಲ್ಲೋ ಹೋಗಿ ನಿಲ್ಲುತ್ತೀರಿ. ಅಲ್ಲಿ ಕಾಣುವ ಐದು ಹೆಸರುಗಳು ‘ಈ ಐದು ಕಡೆಯ ದತ್ತಾಂಶ ಸೋರಿದಾಗ ನಿಮ್ಮ ವಿಳಾಸ ಅದರಲ್ಲಿತ್ತು’ ಎಂದಷ್ಟೇ ಹೇಳುತ್ತವೆ. ಪ್ರತಿ ಹೆಸರಿನ ಜೊತೆಗೂ ಏನೇನು ಸೋರಿತು ಎಂಬ ವಿವರ ಇರುತ್ತದೆ, ಅದನ್ನು ಓದಿ. ಪಟ್ಟಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಹೆಸರು, ಫೋನ್ ನಂಬರ್ ಮಾತ್ರ ಇದ್ದರೆ ಅಲ್ಲಿ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಮುಂದೆ ಬರುವ ಮೋಸದ ಕರೆಗಳ ಬಗ್ಗೆ ಎಚ್ಚರ ಬೇಕು. ಪಾಸ್‌ವರ್ಡ್ ಇದ್ದರೆ ಯಾವ ರೂಪದಲ್ಲಿತ್ತು ನೋಡಿ. ತಾಣಗಳು ಸಾಮಾನ್ಯವಾಗಿ ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಹಿಂದಕ್ಕೆ ತಿರುಗಿಸಲಾಗದ ಹ್ಯಾಶ್ ಎಂಬ ಗುರುತಾಗಿ ಮಾಡಿ ಇಡುತ್ತವೆ; ಬಿಕ್ರಿಪ್ಟ್, ಎಂಡಿ5 ಹಾಗೆ ಮಾಡುವ ವಿಧಾನಗಳು. ಬಿಕ್ರಿಪ್ಟ್ ಎಂದಿದ್ದರೆ ಒಡೆಯಲು ಬಹಳ ಹೊತ್ತು ಬೇಕು. ಎಂಡಿ5 ಎಂದಿದ್ದರೆ ಬಿಚ್ಚಿಟ್ಟಂತೆಯೇ ಎಂದು ಭಾವಿಸಿ: ಒಳ್ಳೆಯ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಸಾವಿರ ಕೋಟಿಗೂ ಹೆಚ್ಚು ಎಂಡಿ5 ಊಹೆಗಳನ್ನು ಮಾಡಬಲ್ಲದು.

ದಿನಾಂಕವನ್ನೂ ಗಮನಿಸಿ. ಲಿಂಕ್ಡ್‌ಇನ್ ಸೋರಿಕೆ ನಡೆದದ್ದು 2012ರಲ್ಲಿ. ಆಗ ಹೊರಗೆ ಕಂಡದ್ದು 65 ಲಕ್ಷ ಹ್ಯಾಶ್‌ಗಳು. ನಾಲ್ಕು ವರ್ಷ ಕಳೆದು 2016ರಲ್ಲಿ 11.7 ಕೋಟಿ ಇಮೇಲ್-ಪಾಸ್‌ವರ್ಡ್ ಜೋಡಿಗಳು ಮಾರಾಟಕ್ಕೆ ಬಂದವು. ನೀವು ನೋಡಬೇಕಾದದ್ದು ಸೋರಿಕೆ ನಡೆದ ದಿನ. ಅದಾದ ಮೇಲೆ ಆ ಪಾಸ್‌ವರ್ಡನ್ನು ಎಲ್ಲ ಕಡೆಯೂ ಬದಲಿಸಿದ್ದೀರಾದರೆ ಆ ಸಾಲನ್ನು ಮರೆತುಬಿಡಿ. ‘ನಿನ್ನ ಪಾಸ್‌ವರ್ಡ್ ಇದು, ನಿನ್ನ ಕ್ಯಾಮರಾ ನನ್ನ ಕೈಯಲ್ಲಿದೆ, ದುಡ್ಡು ಕಳಿಸು’ ಎಂದು ಹೆದರಿಸುವ ಮೇಲ್‌ಗಳು ಬರುತ್ತವಲ್ಲ, ಅವುಗಳಲ್ಲಿ ಸಾಕ್ಷಿಯಾಗಿ ತೋರಿಸುವ ಪಾಸ್‌ವರ್ಡ್ ಇಂಥ ಹಳೆಯ ಸೋರಿಕೆಯಿಂದ ಎತ್ತಿದ್ದು. ಕ್ಯಾಮರಾ ಕಥೆ ಬರೀ ಬೊಗಳೆ.

ಇನ್ನೊಂದು ವಿಷಯ: ಕೆಲವು ಸೋರಿಕೆಗಳು, ಉದಾಹರಣೆಗೆ 2015ರ ಆಶ್ಲೇ ಮ್ಯಾಡಿಸನ್‌ನದು, ಸಾರ್ವಜನಿಕ ಹುಡುಕಾಟದಲ್ಲಿ ಕಾಣುವುದಿಲ್ಲ. ಹಾಗೆ ಕಾಣಿಸಿದರೆ ಯಾರು ಬೇಕಾದರೂ ಇನ್ನೊಬ್ಬರ ವಿಳಾಸ ಹಾಕಿ ನೋಡಬಹುದಲ್ಲ. ತಾಣದಲ್ಲಿ ‘ನನಗೆ ತಿಳಿಸಿ’ ಎಂಬ ಸೌಲಭ್ಯಕ್ಕೆ ಇಮೇಲ್ ಕೊಟ್ಟು, ಬಂದ ಕೊಂಡಿ ಒತ್ತಿ ದೃಢಪಡಿಸಿದರೆ ಅವೂ ತೋರುತ್ತವೆ, ಮುಂದಿನ ಸೋರಿಕೆಗಳಿಗೂ ಮೇಲ್ ಬರುತ್ತದೆ. ಇದಕ್ಕೆ ದುಡ್ಡಿಲ್ಲ. ‘ಹಣ ಕಟ್ಟಿದರೆ ಸೋರಿದ ಪಾಸ್‌ವರ್ಡನ್ನೇ ತೋರಿಸುತ್ತೇವೆ’ ಎನ್ನುವ ತಾಣಗಳ ಕಡೆ ತಲೆ ಹಾಕಬೇಡಿ.

ಪಾಸ್‌ವರ್ಡ್ ಟೈಪ್ ಮಾಡಿ ನೋಡಬಹುದೇ?

ಹ್ಯಾವ್ ಐ ಬೀನ್ ಪೋನ್ಡ್‌ನಲ್ಲಿ ಪೋನ್ಡ್ ಪಾಸ್‌ವರ್ಡ್ಸ್ ಎಂಬ ಪ್ರತ್ಯೇಕ ಪುಟ ಇರುವುದು ಇದಕ್ಕೆ. ನೀವು ಟೈಪ್ ಮಾಡಿದ್ದು ಅವರಿಗೆ ಹೋಗದಂತೆ ಅದನ್ನು ಕಟ್ಟಿದ್ದಾರೆ. ‘ಪಾಸ್‌ವರ್ಡ್’ ಎಂಬ ಇಂಗ್ಲಿಷ್ ಪದವನ್ನೇ, ಸಣ್ಣಕ್ಷರದಲ್ಲಿ, ಯಾರೋ ಪಾಸ್‌ವರ್ಡ್ ಆಗಿ ಇಟ್ಟುಕೊಂಡಿದ್ದಾರೆ ಎನ್ನಿ. ಬ್ರೌಸರ್ ಮೊದಲು ಅದನ್ನು ಶಾ-1 ಎಂಬ ವಿಧಾನದಿಂದ 40 ಅಕ್ಷರಗಳ ಹ್ಯಾಶ್ ಆಗಿ ಮಾಡುತ್ತದೆ. ಆ 40ರಲ್ಲಿ ಮೊದಲ ಐದು ‘5-ಬಿ-ಎ-ಎ-6’. ಸರ್ವರ್‌ಗೆ ಹೋಗುವುದು ಈ ಐದು ಮಾತ್ರ. ಇದೇ ಐದರಿಂದ ಶುರುವಾಗುವ, ತನ್ನಲ್ಲಿರುವ ನೂರಾರು ಸೋರಿದ ಹ್ಯಾಶ್‌ಗಳ ಉಳಿದ 35 ಅಕ್ಷರಗಳನ್ನು, ಒಂದೊಂದೂ ಎಷ್ಟು ಸಲ ಕಂಡಿದೆ ಎಂಬ ಲೆಕ್ಕದೊಂದಿಗೆ ಸರ್ವರ್ ಕಳಿಸುತ್ತದೆ. ಆ ಪಟ್ಟಿಯಲ್ಲಿ ನಿಮ್ಮದು ಇದೆಯೇ ಎಂದು ಹುಡುಕುವುದು ನಿಮ್ಮ ಬ್ರೌಸರ್, ನಿಮ್ಮ ಯಂತ್ರದಲ್ಲೇ. ಇಂಥ ಐದಕ್ಷರದ ಗುಂಪುಗಳು 10,48,576 ಇರುವುದರಿಂದ ನೀವು ಯಾವ ಪಾಸ್‌ವರ್ಡ್ ಕೇಳಿದಿರಿ ಎಂಬುದು ಸರ್ವರ್‌ಗೆ ತಿಳಿಯುವುದಿಲ್ಲ. 2018ರಿಂದ ಬಂದಿರುವ ಏರ್ಪಾಡು ಇದು.

ಆದರೂ ಈಗ ಬಳಕೆಯಲ್ಲಿರುವ ಪಾಸ್‌ವರ್ಡನ್ನು ವೆಬ್ ಪುಟದಲ್ಲಿ ಟೈಪ್ ಮಾಡುವ ಅಭ್ಯಾಸ ಬೇಡ. ಹ್ಯಾವ್ ಐ ಬೀನ್ ಪೋನ್ಡ್ ಮೇಲೆ ಅನುಮಾನವಿದೆ ಎಂದಲ್ಲ. ಅದರಂತೆಯೇ ಕಾಣುವ ನಕಲಿ ಪುಟ ಮಾಡುವುದು ಸುಲಭ, ನೀವು ನಿಂತಿರುವುದು ಯಾವುದರಲ್ಲಿ ಎಂದು ಪ್ರತಿ ಸಲ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇದೇ ಪರೀಕ್ಷೆಯನ್ನು ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಬೀಗ ಹಾಕಿ ಇಡುವ ಆ್ಯಪ್, ಒಳಗಿಂದಲೇ ಮಾಡಬಹುದು; ಬಿಟ್‌ವಾರ್ಡನ್, 1ಪಾಸ್‌ವರ್ಡ್, ಕೀಪಾಸ್‌ಎಕ್ಸ್‌ಸಿ ಅಂಥವು. ಬಿಟ್‌ವಾರ್ಡನ್‌ನಲ್ಲಿ ಪ್ರತಿ ಪಾಸ್‌ವರ್ಡಿನ ಪಕ್ಕ ಅದಕ್ಕೊಂದು ಗುರುತಿದೆ, ಎಲ್ಲವನ್ನೂ ಒಟ್ಟಿಗೆ ನೋಡುವ ವರದಿ ಮಾತ್ರ ಹಣ ಕಟ್ಟಿದವರಿಗೆ. 1ಪಾಸ್‌ವರ್ಡ್‌ನಲ್ಲಿ ಇದರ ಹೆಸರು ವಾಚ್‌ಟವರ್. ಕೀಪಾಸ್‌ಎಕ್ಸ್‌ಸಿಯಲ್ಲಿ ಡೇಟಾಬೇಸ್ ಮೆನುವಿನ ರಿಪೋರ್ಟ್ಸ್ ಒಳಗೆ ಇದೆ, ಆನ್‌ಲೈನ್‌ಗೆ ಹೋಗುವ ಮುನ್ನ ನಿಮ್ಮ ಒಪ್ಪಿಗೆ ಕೇಳುತ್ತದೆ. ಐಫೋನ್‌ನಲ್ಲಿ ಪಾಸ್‌ವರ್ಡ್ಸ್ ಆ್ಯಪ್ ತೆರೆದು ಸೆಕ್ಯುರಿಟಿ ವಿಭಾಗ ನೋಡಿ.

ಫಲಿತಾಂಶ ಓದುವುದರಲ್ಲಿ ಎರಡು ತಪ್ಪು ಸಾಮಾನ್ಯ. ‘ಮೂರು ಸಲ ಕಂಡಿದೆ’ ಎಂದರೆ ಸೋರಿದ್ದು ನಿಮ್ಮ ಖಾತೆಯೇ ಎಂದಾಗಬೇಕಿಲ್ಲ, ಬೇರೆ ಯಾರೋ ಅದೇ ಪಾಸ್‌ವರ್ಡ್ ಇಟ್ಟಿರಬಹುದು. ಈ ಪಟ್ಟಿಯಲ್ಲಿ ಪಾಸ್‌ವರ್ಡ್‌ಗಳ ಜೊತೆ ಇಮೇಲ್ ಇರುವುದಿಲ್ಲ. ಹಾಗೆಂದು ಬಿಡುವಂತೆಯೂ ಇಲ್ಲ. ಅದು ದಾಳಿಕೋರರ ಊಹೆಯ ಪಟ್ಟಿಯಲ್ಲಿದೆ, ಬದಲಿಸಲೇಬೇಕು. ಇನ್ನು ‘ಸಿಗಲಿಲ್ಲ’ ಎಂಬುದಕ್ಕೆ ಬಹಿರಂಗವಾದ ಸಂಗ್ರಹಗಳಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ರಾಮ2019 ಸೋರಿದೆ ಎಂದು ರಾಮ2025 ಮಾಡಿಕೊಳ್ಳುವವರು ಬಹಳ. ಪರೀಕ್ಷೆಯಲ್ಲಿ ಅದು ‘ಸಿಗಲಿಲ್ಲ’ ಎಂದು ಬರಬಹುದು, ಆದರೆ ಒಡೆಯುವ ಸಾಫ್ಟ್‌ವೇರ್‌ಗಳು ಮೊದಲು ಹಾಕಿ ನೋಡುವುದೇ ವರ್ಷ ಬದಲಿಸಿ, ಕೊನೆಗೊಂದು ಆಶ್ಚರ್ಯಸೂಚಕ ಸೇರಿಸಿ.

ಬದಲಿಸುವ ಮೊದಲು ಯಂತ್ರ ನೋಡಿ

ಪಟ್ಟಿಯಲ್ಲಿ ‘ಸ್ಟೀಲರ್ ಲಾಗ್’ (ಕದಿಯುವ ಸಾಫ್ಟ್‌ವೇರ್ ಬಾಚಿದ್ದರ ಪಟ್ಟಿ) ಎಂಬ ಮಾತು ಕಂಡರೆ, ಅಥವಾ ಒಂದಕ್ಕೊಂದು ಸಂಬಂಧವಿಲ್ಲದ ತಾಣಗಳ ಬೇರೆ ಬೇರೆ ಪಾಸ್‌ವರ್ಡ್‌ಗಳು ಒಮ್ಮೆಗೇ ಸೋರಿದ್ದರೆ, ಕಳವಾದದ್ದು ಆ ತಾಣಗಳಿಂದ ಆಗಿರಲಾರದು, ನಿಮ್ಮ ಕಂಪ್ಯೂಟರಿನಿಂದಲೇ. ರೆಡ್‌ಲೈನ್, ಲುಮ್ಮಾ ಮುಂತಾದ ಇನ್ಫೋಸ್ಟೀಲರ್‌ಗಳು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಆಟದ ಚೀಟ್, ನಕಲಿ ಅಪ್‌ಡೇಟ್‌ಗಳ ವೇಷದಲ್ಲಿ ಒಳಬಂದು, ಬ್ರೌಸರ್ ಉಳಿಸಿದ್ದ ಪಾಸ್‌ವರ್ಡ್‌ಗಳನ್ನೂ, ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಕುಕಿ ಎಂಬ ಪುಟ್ಟ ಫೈಲ್‌ಗಳನ್ನೂ ಬಾಚಿಕೊಂಡು ಹೋಗುತ್ತವೆ. ಅಂಥ ಯಂತ್ರದಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಅವರಿಗೇ ಸೇರುತ್ತದೆ. ಶುಚಿಯಾದ ಇನ್ನೊಂದು ಸಾಧನದಿಂದ ಬದಲಿಸಿ, ಸೋಂಕಿನ ಯಂತ್ರದಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿ. ಆ್ಯಂಟಿವೈರಸ್ ಓಡಿಸಿ ‘ಏನೂ ಸಿಗಲಿಲ್ಲ’ ಎಂದು ಸುಮ್ಮನಾಗುವುದು ಇಲ್ಲಿ ಸಾಲದು, ಕದಿಯುವ ಕೆಲಸ ಮುಗಿಸಿ ತನ್ನನ್ನು ತಾನೇ ಅಳಿಸಿಕೊಳ್ಳುವ ಸ್ಟೀಲರ್‌ಗಳಿವೆ.

ಕುಕಿ ಕಳುವಾದರೆ ದಾಳಿಕೋರನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ನೀವು ಈಗಾಗಲೇ ಲಾಗಿನ್ ಆಗಿರುವ ಸೆಷನ್ನನ್ನೇ ಅವನು ಮುಂದುವರಿಸುತ್ತಾನೆ. ಆದ್ದರಿಂದ ಪಾಸ್‌ವರ್ಡ್ ಬದಲಿಸಿದ ಪ್ರತಿ ಮುಖ್ಯ ಖಾತೆಯಲ್ಲೂ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಎಂಬುದನ್ನು ಹುಡುಕಿ ಒತ್ತಿ. ಎಷ್ಟೋ ತಾಣಗಳಲ್ಲಿ ಪಾಸ್‌ವರ್ಡ್ ಬದಲಾದರೂ ಹಳೆಯ ಸೆಷನ್ ಬದುಕಿರುತ್ತದೆ.

ಇನ್ನು ಕ್ರಮ. ಮೊದಲು ಇಮೇಲ್, ಏಕೆಂದರೆ ಉಳಿದ ಎಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೇನೆ’ ಕೊಂಡಿ ಬಂದು ಬೀಳುವುದು ಅಲ್ಲಿಗೆ. ಅದನ್ನು ಬದಲಿಸಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಎರಡನ್ನು ನೋಡಿ: ಮೇಲ್ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಯಾರಾದರೂ ಫಿಲ್ಟರ್ ಇಟ್ಟಿದ್ದಾರೆಯೇ, ರಿಕವರಿ ಫೋನ್ ಮತ್ತು ಇಮೇಲ್ ನಿಮ್ಮದೇ ಇವೆಯೇ. ಫಾರ್ವರ್ಡ್ ನಿಯಮ ಉಳಿದರೆ ನೀವು ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಅವರಿಗೆ ಪ್ರತಿ ಹೋಗುತ್ತಲೇ ಇರುತ್ತದೆ. ಆಮೇಲೆ ಬ್ಯಾಂಕು ಮತ್ತು ಹಣ ಪಾವತಿಯ ಖಾತೆಗಳು, ಮೊಬೈಲ್ ಸಂಪರ್ಕದ ಖಾತೆ, ಫೇಸ್‌ಬುಕ್‌ನಂತೆ ಬೇರೆ ತಾಣಗಳಿಗೂ ಲಾಗಿನ್ ಕೊಡುವ ಖಾತೆಗಳು, ಕಾರ್ಡ್ ಉಳಿಸಿಟ್ಟಿರುವ ಅಂಗಡಿಗಳು. ಒಂದೇ ಸಲ ನೋಡಿ ಬಿಟ್ಟ ಉಳಿದ ತಾಣಗಳಲ್ಲಿ ಬೇಡದ ಖಾತೆ ಅಳಿಸಿಬಿಡಿ, ಬೇಕಾದರೆ ಮುಂದೆ ಹೋದಾಗ ಬದಲಿಸಿ. ಆ 43ನ್ನೂ ಒಂದೇ ಸಂಜೆ ಮುಗಿಸುತ್ತೇನೆ ಎಂದು ಹೊರಟವರು ಹದಿನೈದಕ್ಕೆ ಸುಸ್ತಾಗಿ, ಹದಿನಾರನೆಯದಕ್ಕೆ ಮತ್ತೆ ಹಳೆಯ ಚಾಳಿ ಹಿಡಿಯುತ್ತಾರೆ.

ಮ್ಯಾನೇಜರ್ ಆಯ್ಕೆ: ಕೇಳಬೇಕಾದ ಪ್ರಶ್ನೆ ಯಾವುದು

‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಗಿಂತ ಮೊದಲು ಎರಡನ್ನು ಕೇಳಿಕೊಳ್ಳಿ. ಕಂಪನಿಯ ಸರ್ವರ್‌ನಿಂದ ನನ್ನ ವಾಲ್ಟ್, ಅಂದರೆ ಪಾಸ್‌ವರ್ಡ್‌ಗಳೆಲ್ಲ ಇರುವ ಪೆಟ್ಟಿಗೆ, ಕಳುವಾದರೆ ಏನಾಗುತ್ತದೆ? ನನ್ನ ಫೋನ್ ಕಳೆದುಹೋಗಿ, ಆ ಪೆಟ್ಟಿಗೆ ತೆರೆಯುವ ಮಾಸ್ಟರ್ ಪಾಸ್‌ವರ್ಡೂ ಮರೆತರೆ ಏನಾಗುತ್ತದೆ? ಮೊದಲನೆಯದರಿಂದ ಎಷ್ಟು ರಕ್ಷಣೆಯೋ ಎರಡನೆಯದರಲ್ಲಿ ಅಷ್ಟು ಕಷ್ಟ. ಎರಡರಲ್ಲೂ ಪೂರ್ತಿ ಸುಖ ಕೊಡುವ ಮ್ಯಾನೇಜರ್ ಇಲ್ಲ, ಇದೆ ಎನ್ನುವ ಜಾಹೀರಾತನ್ನು ನಂಬಬೇಡಿ.

ಎಲ್ಲ ಒಂದೇ ಕಡೆ ಇಟ್ಟು ಒಡೆದುಹೋದರೆ ಎಂಬ ನಿಮ್ಮ ಭಯ ಬುಡವಿಲ್ಲದ್ದಲ್ಲ, ಅದು ನಿಜವಾಗಿ ನಡೆದಿದೆ. 2022ರ ಆಗಸ್ಟ್‌ನಲ್ಲಿ ಲಾಸ್ಟ್‌ಪಾಸ್ ಎಂಬ ಮ್ಯಾನೇಜರ್ ಕಂಪನಿಯ ಡೆವಲಪ್‌ಮೆಂಟ್ ವ್ಯವಸ್ಥೆಗೆ ನುಗ್ಗಿದವರು, ಅಲ್ಲಿಂದ ಸಿಕ್ಕ ಮಾಹಿತಿ ಹಿಡಿದು, ಒಬ್ಬ ಹಿರಿಯ ಎಂಜಿನಿಯರ್‌ನ ಮನೆಯ ಕಂಪ್ಯೂಟರಿನಲ್ಲಿ ಕೀ ಒತ್ತುವುದನ್ನೆಲ್ಲ ದಾಖಲಿಸುವ ಸಾಫ್ಟ್‌ವೇರ್ ಕೂರಿಸಿದರು. ಆ ದಾರಿಯಿಂದ ಗ್ರಾಹಕರ ವಾಲ್ಟ್‌ಗಳ ಬ್ಯಾಕಪ್ ಅವರ ಕೈಸೇರಿತು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿಯೇ (ಕೀಲಿ ಇಲ್ಲದೆ ಓದಲಾಗದ ಸಂಕೇತದಲ್ಲಿ) ಇದ್ದವು. ಆದರೆ ತಾಣಗಳ ವಿಳಾಸಗಳು ಬಿಚ್ಚಿಕೊಂಡಿದ್ದವು. ಯಾರ ವಾಲ್ಟ್‌ನಲ್ಲಿ ಹಣದ ಖಾತೆಗಳಿವೆ ಎಂದು ಆರಿಸಿಕೊಂಡು ಒಡೆಯಲು ಕೂರಬಹುದಿತ್ತು. ಮಾಸ್ಟರ್ ಪಾಸ್‌ವರ್ಡಿನಿಂದ ಕೀಲಿ ತಯಾರಿಸುವ ಲೆಕ್ಕವನ್ನು ಎಷ್ಟು ಸಾವಿರ ಸಲ ಮಾಡಬೇಕು ಎಂಬ ಸಂಖ್ಯೆಯೂ ಹಳೆಯ ಖಾತೆಗಳಲ್ಲಿ ಬಹಳ ಕಡಿಮೆ ಉಳಿದುಬಿಟ್ಟಿತ್ತು. ಗಟ್ಟಿಯಾದ ಮಾಸ್ಟರ್ ಪಾಸ್‌ವರ್ಡ್ ಇದ್ದವರ ವಾಲ್ಟನ್ನು ಇವತ್ತಿಗೂ ಊಹಿಸಿ ತೆರೆಯುವುದು ಆಗದ ಮಾತು. ಸಡಿಲವಾದದ್ದು ಇದ್ದವರಿಗೆ ಆ ಬ್ಯಾಕಪ್ ಹಿಂದಕ್ಕೆ ಬರುವುದಿಲ್ಲ.

ಹಾಗಾಗಿ ಆರಿಸುವಾಗ ನೋಡಬೇಕಾದದ್ದು ಇಷ್ಟು: ಎನ್‌ಕ್ರಿಪ್ಷನ್ ನಿಮ್ಮ ಸಾಧನದಲ್ಲೇ ನಡೆಯಬೇಕು, ತಾಣದ ವಿಳಾಸವೂ ಅದರೊಳಗೆ ಸೇರಿರಬೇಕು; ಮಾಸ್ಟರ್ ಪಾಸ್‌ವರ್ಡಿನಿಂದ ಕೀಲಿ ತಯಾರಿಸಲು ಆರ್ಗಾನ್2ಐಡಿ ಎಂಬ ವಿಧಾನ, ಇಲ್ಲವೇ ಕನಿಷ್ಠ 6,00,000 ಸುತ್ತಿನ ಪಿಬಿಕೆಡಿಎಫ್2 ಇರಬೇಕು; ಹೊರಗಿನವರಿಂದ ಆಡಿಟ್ ಮಾಡಿಸಿ ವರದಿ ಪ್ರಕಟಿಸಿರಬೇಕು; ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿಕೊಂಡು ಹೊರಡಲು ಬಿಡಬೇಕು. ಮಾಸ್ಟರ್ ಪಾಸ್‌ವರ್ಡ್ ಮರೆತರೆ ಇಮೇಲ್‌ಗೆ ಒಂದು ಕೊಂಡಿ ಕಳಿಸಿ ಹೊಸದು ಕೊಡುತ್ತೇವೆ ಎನ್ನುವವರು ನಿಮ್ಮ ವಾಲ್ಟನ್ನು ತಾವೂ ತೆರೆಯಬಲ್ಲರು ಎಂದೇ ತಿಳಿಯಿರಿ.

ಹೆಚ್ಚಿನವರಿಗೆ ನನ್ನ ಸಲಹೆ ಬಿಟ್‌ವಾರ್ಡನ್. ಸೋರ್ಸ್ ಕೋಡ್ ಬಹಿರಂಗವಾಗಿದೆ, ಉಚಿತ ಖಾತೆಯಲ್ಲೇ ಎಷ್ಟು ಸಾಧನ ಬೇಕಾದರೂ ಬಳಸಬಹುದು. ನಿಮ್ಮ ಖಾತೆ ಹಳೆಯದಾಗಿದ್ದರೆ ವೆಬ್ ವಾಲ್ಟ್‌ನ ಸೆಟ್ಟಿಂಗ್ಸ್, ಸೆಕ್ಯುರಿಟಿ, ಕೀಸ್ ಒಳಗೆ ಸುತ್ತಿನ ಸಂಖ್ಯೆ ನೋಡಿ. 6,00,000ಕ್ಕಿಂತ ಕಡಿಮೆ ಇದ್ದರೆ ಏರಿಸಿ. ಏರಿಸಿದಾಗ ಎಲ್ಲ ಸಾಧನಗಳಿಂದಲೂ ಲಾಗ್ ಔಟ್ ಆಗಬಹುದು, ಮೊದಲು ಒಂದು ಎಕ್ಸ್‌ಪೋರ್ಟ್ ತೆಗೆದಿಟ್ಟುಕೊಂಡು ಮಾಡಿ.

ಮಾಸ್ಟರ್ ಪಾಸ್‌ವರ್ಡ್ ಚಿಕ್ಕದೇ ಇಡುತ್ತಾರೆ ಎಂದು ಗೊತ್ತಿರುವ ಮನೆಮಂದಿಗೆ, ದುಡ್ಡು ಕೊಡಲು ಅಡ್ಡಿಯಿಲ್ಲದಿದ್ದರೆ, 1ಪಾಸ್‌ವರ್ಡ್ ಮೇಲು. ಅದು ಖಾತೆ ತೆರೆಯುವಾಗಲೇ ನಿಮ್ಮ ಸಾಧನದಲ್ಲಿ 128 ಬಿಟ್‌ನ ಸೀಕ್ರೆಟ್ ಕೀ ಒಂದನ್ನು ಹುಟ್ಟಿಸಿ ಮಾಸ್ಟರ್ ಪಾಸ್‌ವರ್ಡಿನ ಜೊತೆ ಬೆರೆಸುತ್ತದೆ. ಆ ಕೀ ಕಂಪನಿಗೆ ಹೋಗುವುದಿಲ್ಲ, ಆದ್ದರಿಂದ ಸರ್ವರ್‌ನಿಂದ ವಾಲ್ಟ್ ಕದ್ದವರು ಪಾಸ್‌ವರ್ಡ್ ಊಹಿಸಿದರೂ ತೆರೆಯಲಾರರು. ಅದರ ಇನ್ನೊಂದು ಮುಖ: ಇದ್ದ ಸಾಧನಗಳೆಲ್ಲ ಹೋಗಿ, ಸೀಕ್ರೆಟ್ ಕೀ ಬರೆದಿಡದೆ ಇದ್ದರೆ ನೀವೂ ತೆರೆಯಲಾರಿರಿ. ಅವರು ಕೊಡುವ ಎಮರ್ಜೆನ್ಸಿ ಕಿಟ್ ಎಂಬ ಹಾಳೆಯನ್ನು ಪ್ರಿಂಟ್ ತೆಗೆದು ಇಡಿ. ಅದನ್ನು ಅದೇ ಫೋನಿನ ಡೌನ್‌ಲೋಡ್ಸ್‌ನಲ್ಲಿ ಬಿಟ್ಟರೆ ಫೋನಿನ ಜೊತೆಗೆ ಅದೂ ಹೋಗುತ್ತದೆ.

ಯಾವ ಕಂಪನಿಯ ಸರ್ವರೂ ಬೇಡ ಎನ್ನುವವರಿಗೆ ಕೀಪಾಸ್‌ಎಕ್ಸ್‌ಸಿ. ಎಲ್ಲವೂ ಕೆಡಿಬಿಎಕ್ಸ್ ಎಂಬ ಒಂದು ಫೈಲಿನಲ್ಲಿ. ಆ್ಯಂಡ್ರಾಯ್ಡ್‌ನಲ್ಲಿ ಅದೇ ಫೈಲನ್ನು ಕೀಪಾಸ್‌ಡಿಎಕ್ಸ್ ತೆರೆಯುತ್ತದೆ, ಐಫೋನ್‌ನಲ್ಲಿ ಸ್ಟ್ರಾಂಗ್‌ಬಾಕ್ಸ್ ಅಥವಾ ಕೀಪಾಸಿಯಂ. ಸಿಂಕ್ ಮತ್ತು ಬ್ಯಾಕಪ್ ನಿಮ್ಮ ತಲೆನೋವು. ಇಲ್ಲಿ ಎಡವುವುದು ಹೀಗೆ: ಲ್ಯಾಪ್‌ಟಾಪ್‌ನಲ್ಲೂ ಫೋನ್‌ನಲ್ಲೂ ಒಂದೇ ಹೊತ್ತಿಗೆ ತಿದ್ದಿದರೆ ಸಿಂಕ್ ಸೇವೆ ಎರಡನೇ ಪ್ರತಿಯನ್ನು ‘ಕಾನ್‌ಫ್ಲಿಕ್ಟ್’ ಹೆಸರಿನಲ್ಲಿ ಇಡುತ್ತದೆ, ಹೊಸ ಪಾಸ್‌ವರ್ಡ್ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಪ್ರತಿಯನ್ನು ಅಳಿಸಬೇಡಿ, ಡೇಟಾಬೇಸ್ ಮೆನುವಿನಲ್ಲಿರುವ ಮರ್ಜ್‌ನಿಂದ ಸೇರಿಸಿ. ಇನ್ನೊಂದು, ಹೆಚ್ಚು ಭದ್ರ ಎಂದುಕೊಂಡು ಆರ್ಗಾನ್2ಗೆ ಒಂದು ಜಿಬಿ ಮೆಮೊರಿ ಕೊಟ್ಟರೆ ಐಫೋನ್‌ನಲ್ಲಿ ಆಟೊಫಿಲ್ ಮಗುಚಿಕೊಳ್ಳುತ್ತದೆ. ಆಟೊಫಿಲ್‌ಗೆ ಐಒಎಸ್ ಕೊಡುವ ಮೆಮೊರಿ ಅಷ್ಟಿಲ್ಲ. 64 ಎಂಬಿ ಇಟ್ಟರೆ ಎಲ್ಲ ಕಡೆಯೂ ತೆರೆಯುತ್ತದೆ.

ಬ್ರೌಸರ್ ಅಥವಾ ಫೋನಿನಲ್ಲೇ ಇರುವುದು ಸಾಲದೇ? ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಹಾಕುವುದಕ್ಕಿಂತ ಅದು ನೂರು ಪಾಲು ವಾಸಿ. ಆಪಲ್ ಸಾಧನಗಳನ್ನು ಮಾತ್ರ ಬಳಸುವವರಿಗೆ ಅದರ ಪಾಸ್‌ವರ್ಡ್ಸ್ ಆ್ಯಪ್ ಸಾಕು. ಗೂಗಲ್‌ನದರಲ್ಲಿ ಮೊದಲಿಗೆ ಕೀಲಿ ಗೂಗಲ್ ಬಳಿಯೇ ಇರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ‘ಆನ್-ಡಿವೈಸ್ ಎನ್‌ಕ್ರಿಪ್ಷನ್’ ಆನ್ ಮಾಡಿದರೆ ನಿಮ್ಮ ಬಳಿಗೆ ಬರುತ್ತದೆ. ಇನ್ಫೋಸ್ಟೀಲರ್‌ಗಳ ಮೊದಲ ಗುರಿ ಬ್ರೌಸರಿನ ಈ ಗೂಡೇ, ಅದರಲ್ಲೂ ವಿಂಡೋಸ್‌ನಲ್ಲಿ. ವಿಂಡೋಸ್ ಲ್ಯಾಪ್‌ಟಾಪನ್ನು ಮನೆಯವರೆಲ್ಲ ಹಂಚಿಕೊಳ್ಳುತ್ತಿದ್ದರೆ ಪ್ರತ್ಯೇಕ ಮ್ಯಾನೇಜರ್ ಇಟ್ಟುಕೊಳ್ಳಿ. ಮ್ಯಾನೇಜರ್ ತೆರೆದಿರುವಾಗ ಸ್ಟೀಲರ್ ಹೊಕ್ಕರೆ ಅದೂ ಉಳಿಯದು ಎಂಬುದು ನೆನಪಿರಲಿ. ಐದು ಹತ್ತು ನಿಮಿಷಕ್ಕೆ ತಾನಾಗಿ ಲಾಕ್ ಆಗುವಂತೆ ಇಡುವುದು ಅದಕ್ಕೇ.

ಯಾವುದನ್ನೇ ಆರಿಸಿದರೂ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಯಿಂದ ಇಳಿಸಿಕೊಳ್ಳಬೇಡಿ. ಕೀಪಾಸ್ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳು ಅಂಥ ಜಾಹೀರಾತುಗಳಿಂದಲೇ ಹರಡಿದ್ದವು. 2024ರಲ್ಲಿ ಆಪಲ್‌ನ ಆ್ಯಪ್ ಸ್ಟೋರ್‌ಗೂ ‘ಲಾಸ್‌ಪಾಸ್’ ಎಂಬ, ಲಾಸ್ಟ್‌ಪಾಸ್‌ನಂತೆಯೇ ಕಾಣುವ ಆ್ಯಪ್ ನುಸುಳಿತ್ತು.

ಮಾಸ್ಟರ್ ಪಾಸ್‌ವರ್ಡ್

ಇಲ್ಲಿ ಲೆಕ್ಕ ಮಾತಾಡಲಿ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ರೂಪಿಸಿದ ಡೈಸ್‌ವೇರ್ ವಿಧಾನದಲ್ಲಿ 7,776 ಪದಗಳ ಪಟ್ಟಿ ಇರುತ್ತದೆ. ಐದು ಸಲ ದಾಳ ಉರುಳಿಸಿದರೆ ಒಂದು ಪದ. ಕದ್ದ ವಾಲ್ಟ್ ಮುಂದೆ ಸಾವಿರ ಗ್ರಾಫಿಕ್ಸ್ ಕಾರ್ಡ್‌ಗಳು, ಒಂದೊಂದೂ ಸೆಕೆಂಡಿಗೆ ಹತ್ತು ಸಾವಿರ ಊಹೆ, ಒಟ್ಟು ಸೆಕೆಂಡಿಗೆ ಒಂದು ಕೋಟಿ ಎಂದಿಟ್ಟುಕೊಳ್ಳಿ. ಮೂರು ಪದಗಳ ಎಲ್ಲ ಸಾಧ್ಯತೆಗಳು ಸುಮಾರು 47,000 ಕೋಟಿ, 13 ಗಂಟೆಯಲ್ಲಿ ಮುಗಿಯುತ್ತದೆ. ನಾಲ್ಕು ಪದಕ್ಕೆ ಹನ್ನೊಂದೂವರೆ ವರ್ಷ. ಐದಕ್ಕೆ 90,000 ವರ್ಷ. ಆದ್ದರಿಂದ ಐದು ಪದ ಇಡಿ. ಮೊದಲಕ್ಷರ ದೊಡ್ಡದು, ಕೊನೆಗೊಂದು ಅಂಕಿ ಎಂಬ ಕಸರತ್ತು ಐದನೆಯ ಪದ ಕೊಡುವ ಬಲದ ಹತ್ತಿರವೂ ಬರುವುದಿಲ್ಲ.

ಪದಗಳನ್ನು ದಾಳವೇ ಆರಿಸಬೇಕು, ನೀವಲ್ಲ. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಉದ್ದವಿದ್ದರೂ ಊಹೆಗೆ ಸಿಗುತ್ತವೆ. ಕನ್ನಡ ಪದಗಳೇ ಬೇಕೆಂದರೆ ಒಳ್ಳೆಯ ಯೋಚನೆ, ನಿಘಂಟಿನ ಪುಟವನ್ನೂ ಸಾಲನ್ನೂ ದಾಳ ಉರುಳಿಸಿ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ದೀರ್ಘಕ್ಕೆ ಎರಡು ಎ ಹಾಕುತ್ತೀರೋ ಒಂದೋ ಎಂಬುದನ್ನು ಮೊದಲೇ ನಿರ್ಧರಿಸಿ, ಆರು ತಿಂಗಳ ಮೇಲೆ ತಡವರಿಸುವುದು ಅಲ್ಲೇ. ಕನ್ನಡ ಲಿಪಿಯಲ್ಲೇ ಮಾಸ್ಟರ್ ಪಾಸ್‌ವರ್ಡ್ ಇಡಬೇಡಿ. ‘ಕೊ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹ್ಯಾಶ್‌ಗೆ ಬೇರೆ. ಒಂದು ಕೀಬೋರ್ಡ್‌ನಲ್ಲಿ ತೆರೆದದ್ದು ಇನ್ನೊಂದರಲ್ಲಿ ತೆರೆಯದೆ ಹೋದೀತು.

ಬರೆದಿಡುವುದರಲ್ಲಿ ತಪ್ಪೇನಿಲ್ಲ. ನಿಮ್ಮ ಶತ್ರು ಸಾವಿರಾರು ಮೈಲಿ ದೂರದಲ್ಲಿದ್ದಾನೆ, ಬೀರುವಿನ ಕಾಗದ ಅವನಿಗೆ ಸಿಗದು. ಆ ಕಾಗದದಲ್ಲಿ ಮಾಸ್ಟರ್ ಪಾಸ್‌ವರ್ಡ್, ವಾಲ್ಟಿನ ಎರಡನೇ ಹಂತದ (ಪಾಸ್‌ವರ್ಡ್ ಆದಮೇಲೆ ಕೇಳುವ ಇನ್ನೊಂದು ಪರೀಕ್ಷೆಯ) ರಿಕವರಿ ಕೋಡ್, ಇಮೇಲ್‌ನ ಬ್ಯಾಕಪ್ ಕೋಡ್‌ಗಳು ಮೂರೂ ಇರಲಿ. ಬಿಟ್‌ವಾರ್ಡನ್‌ನ ರಿಕವರಿ ಕೋಡ್ ಎರಡನೇ ಹಂತವನ್ನು ತೆಗೆದುಹಾಕುತ್ತದೆ ಅಷ್ಟೇ, ಮರೆತ ಮಾಸ್ಟರ್ ಪಾಸ್‌ವರ್ಡನ್ನು ಅದು ತಂದುಕೊಡುವುದಿಲ್ಲ. ಎರಡೂ ಒಂದೇ ಎಂದುಕೊಂಡು ಖಾತೆ ಕಳೆದುಕೊಂಡವರಿದ್ದಾರೆ.

ವಾಲ್ಟಿಗೂ ಇಮೇಲ್‌ಗೂ ಎರಡನೇ ಹಂತ ಇಡುವಾಗ ಎಸ್ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಅಥವಾ ಯುಎಸ್‌ಬಿ ಸೆಕ್ಯುರಿಟಿ ಕೀ ಬಳಸಿ. ನಿಮ್ಮ ಹೆಸರಲ್ಲಿ ಇನ್ನೊಬ್ಬ ಸಿಮ್ ಪಡೆದರೆ ಎಸ್ಎಂಎಸ್ ಅವನಿಗೆ ಹೋಗುತ್ತದೆ. ವಾಲ್ಟಿನ ಕೋಡ್ ಹುಟ್ಟಿಸುವ ಆ್ಯಪ್ ವಾಲ್ಟಿನ ಒಳಗೇ ಇದ್ದರೆ ಒಂದು ದಿನ ಹೊರಗೇ ನಿಲ್ಲಬೇಕಾಗುತ್ತದೆ. ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಬಳಿ ಇರುವ ಗುಟ್ಟಿನ ಕೀಲಿಯಿಂದ ಲಾಗಿನ್ ಆಗುವ ಸೌಲಭ್ಯ, ಕೊಡುವ ತಾಣಗಳಲ್ಲಿ ಅದನ್ನೇ ಆನ್ ಮಾಡಿ. ತಾಣದ ಬಳಿ ಇರುವುದು ಸಾರ್ವಜನಿಕ ಕೀಲಿ ಮಾತ್ರ, ಸೋರಿದರೂ ಅದರಿಂದ ಲಾಗಿನ್ ಆಗದು.

ಸಾಗಿಸುವಾಗ ಕೆಡುವುದು ಎಲ್ಲಿ

ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್, ಸೆಟ್ಟಿಂಗ್ಸ್, ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಸಿಎಸ್‌ವಿ ಫೈಲ್ ಬರುತ್ತದೆ. ಅದರಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬಟಾಬಯಲು. ಒನ್‌ಡ್ರೈವ್ ಅಥವಾ ಡ್ರೈವ್ ಸಿಂಕ್ ಆಗುವ ಫೋಲ್ಡರಿನಲ್ಲಿ ಇಡಬೇಡಿ, ನಿಮಗೇ ಮೇಲ್ ಮಾಡಿಕೊಳ್ಳಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಸೊನ್ನೆಯಿಂದ ಶುರುವಾಗುವ ಅಂಕಿಗಳ ಸೊನ್ನೆ ಹಾರಿಹೋಗುತ್ತದೆ, ಸಮಚಿಹ್ನೆಯಿಂದ ಶುರುವಾದದ್ದನ್ನು ಸೂತ್ರ ಎಂದುಕೊಳ್ಳುತ್ತದೆ, ಉದ್ದ ಅಂಕಿಗಳು ದುಂಡಾಗುತ್ತವೆ. ಇಂಪೋರ್ಟ್ ಆದ ಮೇಲೆ ಎರಡೂ ಕಡೆಯ ಎಣಿಕೆ ತಾಳೆ ನೋಡಿ, ನಾಲ್ಕೈದು ಖಾತೆಗಳಿಗೆ ನಿಜವಾಗಿ ಲಾಗಿನ್ ಆಗಿ ನೋಡಿ, ಆಮೇಲೆ ಫೈಲನ್ನು ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಪಾಸ್‌ಕೀಗಳು ಈ ಫೈಲಿನಲ್ಲಿ ಬರುವುದಿಲ್ಲ, ಅವುಗಳನ್ನು ಹೊಸ ಕಡೆ ಮತ್ತೆ ನೋಂದಾಯಿಸಿಕೊಳ್ಳಬೇಕು. ಒಂದೆರಡು ವಾರ ಸುಗಮವಾಗಿ ನಡೆದ ಮೇಲೆ ಬ್ರೌಸರಿನಲ್ಲಿರುವುದನ್ನು ಅಳಿಸಿ, ‘ಪಾಸ್‌ವರ್ಡ್ ಉಳಿಸಲೇ’ ಎಂದು ಕೇಳುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿ ಯಾವುದು ಹೊಸದು ಎಂಬುದೇ ಗೊಂದಲವಾಗುತ್ತದೆ.

ಪಾಸ್‌ವರ್ಡ್ ಬದಲಿಸುವಾಗ 16ರಿಂದ 20 ಅಕ್ಷರದ್ದನ್ನು ಮ್ಯಾನೇಜರಿನಿಂದ ಹುಟ್ಟಿಸಿ, ಮೊದಲು ಅಲ್ಲಿ ಉಳಿಸಿ, ಆಮೇಲೆ ತಾಣದಲ್ಲಿ ಹಾಕಿ. ತಿರುಗಾಮುರುಗಾ ಮಾಡಿದರೆ ಉಳಿಸುವ ಮೊದಲೇ ಪುಟ ಬದಲಾಗಿ ಹೊಸ ಪಾಸ್‌ವರ್ಡ್ ಮಾಯವಾಗುತ್ತದೆ. ಹಾಗಾದರೆ ಜನರೇಟರ್ ಹಿಸ್ಟರಿ ನೋಡಿ, ಅಲ್ಲಿ ಸಿಗುತ್ತದೆ. ಬದಲಿಸಿದ ಕೂಡಲೇ ಒಮ್ಮೆ ಲಾಗ್ ಔಟ್ ಆಗಿ ಒಳಬನ್ನಿ. ಉದ್ದ ಪಾಸ್‌ವರ್ಡನ್ನು ಸದ್ದಿಲ್ಲದೆ ಕತ್ತರಿಸಿ ಉಳಿಸುವ ತಾಣಗಳು ಈಗಲೂ ಇವೆ, ಅದು ಆಗಲೇ ಗೊತ್ತಾಗಲಿ. ‘ಮೊದಲ ಶಾಲೆ ಯಾವುದು’ ಎಂಬಂಥ ಪ್ರಶ್ನೆಗಳಿಗೂ ನಿಜವಾದ ಉತ್ತರ ಕೊಡದೆ ಹುಟ್ಟಿಸಿದ ಪದಗಳನ್ನೇ ಕೊಟ್ಟು ನೋಟ್ಸ್‌ನಲ್ಲಿ ಬರೆದಿಡಿ.

ಪುಟ ತೆರೆದ ಕೂಡಲೇ ತಾನೇ ತುಂಬುವ ಆಯ್ಕೆ ಆಫ್ ಇರಲಿ, ನೀವು ಒತ್ತಿದಾಗ ಮಾತ್ರ ತುಂಬಲಿ. ಒತ್ತಿದರೂ ಮ್ಯಾನೇಜರ್ ಏನೂ ತೋರಿಸದಿದ್ದರೆ ಹುಡುಕಿ ಕಾಪಿ ಮಾಡಲು ಹೋಗಬೇಡಿ, ಮೊದಲು ಮೇಲಿನ ವಿಳಾಸ ಓದಿ. ಅದು ಉಳಿಸಿದ ಡೊಮೇನ್‌ಗೆ ಮಾತ್ರ ತುಂಬುತ್ತದೆ, ಒಂದಕ್ಷರ ಬೇರೆಯಾದ ನಕಲಿ ತಾಣಕ್ಕೆ ತುಂಬುವುದಿಲ್ಲ. ತಾಣವೇ ವಿಳಾಸ ಬದಲಿಸಿದ್ದರೂ ಹೀಗಾಗುತ್ತದೆ. ಆಗ ನಿಮಗೆ ಗೊತ್ತಿರುವ ಮುಖಪುಟದಿಂದ ಹೋಗಿ ಖಚಿತಪಡಿಸಿಕೊಂಡು ಹೊಸ ವಿಳಾಸವನ್ನು ಆ ನಮೂದಿಗೆ ಸೇರಿಸಿ.

ಮೂರು ತಿಂಗಳಿಗೊಮ್ಮೆ ಎಲ್ಲ ಪಾಸ್‌ವರ್ಡ್ ಬದಲಿಸುವ ವ್ರತ ಬೇಡ. ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆಯ ಮಾರ್ಗಸೂಚಿಯೇ 2017ರಿಂದ ಅದನ್ನು ಕೈಬಿಟ್ಟು, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿ ಎನ್ನುತ್ತಿದೆ. ಹ್ಯಾವ್ ಐ ಬೀನ್ ಪೋನ್ಡ್‌ನ ಮೇಲ್ ಬಂದಾಗ, ಅಥವಾ ಮ್ಯಾನೇಜರಿನ ವರದಿಯಲ್ಲಿ ಹೊಸ ಸಾಲು ಕಂಡಾಗ, ಆ ಒಂದನ್ನು ಬದಲಿಸಿ. ಪ್ರತಿ ಖಾತೆಗೂ ಬೇರೆಯದೇ ಇದ್ದರೆ ಅದು ಎರಡು ನಿಮಿಷದ ಕೆಲಸ.